ಹದಿನೈದು ಲಕ್ಷಕ್ಕೆ ನಾಲ್ಕು ಹಳೆಯ ಕಾರು: ಕನಸಿನ ಗ್ಯಾರೇಜಿಗಾಗಿ ಓಡಿಸಿ ನೋಡಿದ ವಿಮರ್ಶೆ

ಕೈಯಲ್ಲಿ 15 ಲಕ್ಷ ರೂಪಾಯಿ ಇದೆ ಎಂದುಕೊಂಡು, ಮನಸ್ಸಿಗೆ ಒಪ್ಪುವ ಕಾರುಗಳಿಂದ ಒಂದು ಗ್ಯಾರೇಜನ್ನು ತುಂಬಿಸಬೇಕಾದರೆ ಯಾವುದನ್ನು ಕೊಳ್ಳುತ್ತೀರಿ? ಬಸವನಗುಡಿಯಲ್ಲಿ ಭಾನುವಾರದ ಕಾಫಿಗೆ ಸೇರುವ ನಾವು ನಾಲ್ಕೈದು ಮಂದಿ ಗೆಳೆಯರು ಈ ಆಟವನ್ನು ಹಲವು ವರ್ಷಗಳಿಂದ ಆಡುತ್ತಿದ್ದೇವೆ. ಪ್ರತಿ ಸಲವೂ ಎಲ್ಲರೂ ಮಾಡುವ ತಪ್ಪು ಒಂದೇ: ಅಷ್ಟೂ ಹಣವನ್ನು ಕೊಳ್ಳುವುದಕ್ಕೇ ಸುರಿದುಬಿಡುತ್ತೇವೆ. ಕೊಂಡ ಮರುದಿನದಿಂದ ಟೈರು, ಬ್ಯಾಟರಿ, ಟಿಂಕರಿಂಗ್, ವಿಮೆ, ಎಫ್‌ಸಿ ಎಂದು ಬರುವ ಖರ್ಚು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಆದ್ದರಿಂದ ಈ ಸಲ ನನಗೆ ನಾನೇ ಎರಡು ನಿಯಮ ಹಾಕಿಕೊಂಡೆ. ಮೊದಲ ವರ್ಷದ ರಿಪೇರಿ, ವಿಮೆ ಮತ್ತು ನೋಂದಣಿ ನವೀಕರಣ ಎಲ್ಲವೂ ಈ 15 ಲಕ್ಷದೊಳಗೇ ಮುಗಿಯಬೇಕು. ಒಂದು ಇಡೀ ದಿನವಾದರೂ ಓಡಿಸಿ ನೋಡದ ಕಾರನ್ನು ಪಟ್ಟಿಗೆ ಸೇರಿಸಬಾರದು. ಪರಿಚಯದವರು ದೊಡ್ಡ ಮನಸ್ಸಿನಿಂದ ಕೀಲಿ ಕೊಟ್ಟದ್ದರಿಂದ ಆರು ತಿಂಗಳಲ್ಲಿ ಐದು ಕಾರುಗಳನ್ನು ಓಡಿಸಿದೆ. ಅವುಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ, ತುಂಬ ಇಷ್ಟವಾದ ಒಂದನ್ನು ಬಿಟ್ಟಿದ್ದೇನೆ.

ಹಳೆಯ ಕಾರು ಸಾಕುವವರಿಗೆ ಬೆಂಗಳೂರು ಒಳ್ಳೆಯ ಊರು. ಇಲ್ಲಿ ಸಮುದ್ರದ ಉಪ್ಪುಗಾಳಿ ಇಲ್ಲ, ಹಾಗಾಗಿ ಕೆಎ 01ರಿಂದ 05ರವರೆಗಿನ ನಂಬರಿನ, ಊರು ಬಿಟ್ಟು ಹೆಚ್ಚು ಹೋಗದ ಕಾರುಗಳ ತಳ ಇಪ್ಪತ್ತು ವರ್ಷದ ಮೇಲೂ ಗಟ್ಟಿಯಾಗಿರುವುದುಂಟು. ಕೆಎ 19 ಅಥವಾ ಕೆಎ 20 ಎಂದು ಕಂಡರೆ, ಕರಾವಳಿಯ ಮಳೆಗಾಳಿಯಲ್ಲಿ ಬೆಳೆದ ಕಾರು ಎಂದು ತಿಳಿದು, ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಕಾರ್ಪೆಟ್ ಎತ್ತಿ ತಗಡನ್ನು ಬೆರಳಿನಿಂದ ಒತ್ತಿ ನೋಡಲೇಬೇಕು. ದೆಹಲಿಯಲ್ಲಿ ಜಾರಿಗೆ ತಂದ, ಡೀಸೆಲ್‌ಗೆ 10 ವರ್ಷ, ಪೆಟ್ರೋಲಿಗೆ 15 ವರ್ಷ ಎಂಬಂಥ ನಿರ್ಬಂಧವೂ ಇಲ್ಲಿಲ್ಲ. ಊರಿಗೆ ಇರುವ ಒಂದು ಕೊರತೆಯೆಂದರೆ ಎತ್ತರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಗಾಳಿ ತೆಳುವಾಗಿದ್ದು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲನ್ನು ಇಲ್ಲಿ ಕಳೆದುಕೊಳ್ಳುತ್ತದೆ. ನಾನು ಆರಿಸಿದ ನಾಲ್ಕರಲ್ಲಿ ಯಾವುದಕ್ಕೂ ಟರ್ಬೊ ಇಲ್ಲ.

ಮೊದಲನೆಯದು ಮಾರುತಿ 800, ಅದರಲ್ಲೂ 2000ದ ಸುಮಾರಿಗೆ ಬಂದ ಐದು ಗೇರಿನ ಮಾದರಿ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಈ ಕಾರಿನ ಗುಣಗಳನ್ನು ಕನ್ನಡ ಓದುಗರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಆದರೆ ಉಳಿದ 800ಗಳ 37 ಅಶ್ವಶಕ್ತಿಯ ಎದುರು ಈ ಹನ್ನೆರಡು ವಾಲ್ವಿನ ಎಂಜಿನ್ ಕೊಡುವ 45 ಅಶ್ವಶಕ್ತಿ, ಇಷ್ಟು ಹಗುರವಾದ ಕಾರಿನಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ಓಡಿಸಿದವರಿಗೇ ಗೊತ್ತು. 3.3 ಮೀಟರ್ ಉದ್ದದ ಈ ಕಾರನ್ನು ಗಾಂಧಿಬಜಾರಿನ ಸಂದಣಿಯಲ್ಲಿ, ದೊಡ್ಡ ಕಾರಿನವರು ನೋಡಿ ಮುಂದಕ್ಕೆ ಹೋದ ಜಾಗದಲ್ಲಿ ನಾನು ಒಂದೇ ಸಲಕ್ಕೆ ನಿಲ್ಲಿಸಿದೆ. ಕೊಳ್ಳಲು 90,000, ಸರಿಪಡಿಸಲು 35,000 ಎತ್ತಿಟ್ಟಿದ್ದೇನೆ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯವರೆಗೂ ಹೋಗಬೇಕಿಲ್ಲ, ಬಡಾವಣೆಯ ಅಂಗಡಿಯಲ್ಲೇ ಸಿಗುತ್ತವೆ. ದಿನಬಳಕೆಗೆ ಇದಕ್ಕಿಂತ ಒಳ್ಳೆಯ ಹಳೆಯ ಕಾರು ನನಗೆ ತೋರಲಿಲ್ಲ.

ಈ ಗ್ಯಾರೇಜಿನ ಜೀವಾಳ ಎರಡನೆಯದು: ಹೋಂಡಾ ಸಿಟಿ 1.5 ವಿಟೆಕ್. ನಮ್ಮ ದೇಶದ ಮಟ್ಟಿಗೆ ಸಿಟಿಯ ಮೊದಲ ತಲೆಮಾರು 1998ರಲ್ಲಿ ಬಂತು. 106 ಅಶ್ವಶಕ್ತಿಯ ವಿಟೆಕ್ ಎಂಜಿನ್ 2000ದಲ್ಲಿ ಸೇರಿತು. 2003ರಲ್ಲಿ ಆ ತಲೆಮಾರೇ ಮುಗಿಯಿತು. ಅದರ ಜಾಗಕ್ಕೆ ಬಂದ ಸಿಟಿ ಇನ್ನಷ್ಟು ವಿಶಾಲವಾಗಿತ್ತು, ಪೆಟ್ರೋಲನ್ನೂ ಉಳಿಸುತ್ತಿತ್ತು, ಆದರೆ ಅದರ ಎಂಜಿನ್ನಿಗೆ ಇದ್ದದ್ದು 77 ಅಶ್ವಶಕ್ತಿ ಮಾತ್ರ. ಮೂರೇ ವರ್ಷ ಬಾಳಿದ ಹಳೆಯ ವಿಟೆಕ್ಕನ್ನು ಕಾರುಪ್ರಿಯರು ಇಂದಿಗೂ ಹುಡುಕಿಕೊಂಡು ಹೋಗುವುದಕ್ಕೆ ಈ ಅಂಕಿ ಒಂದೇ ಸಾಕು.

ನಾನು ಓಡಿಸಿದ್ದು 2002ರ ಬೂದುಬಣ್ಣದ ಕಾರು, ಒಬ್ಬರೇ ಮಾಲೀಕರ ಕೈಯಲ್ಲಿದ್ದದ್ದು. ಬೆಳಗಿನ ಐದೂವರೆಗೆ ಜಯನಗರದಿಂದ ಹೊರಟು ನಂದಿಬೆಟ್ಟದ ಬುಡ ಸೇರಿದಾಗ ರಸ್ತೆ ಇನ್ನೂ ಖಾಲಿಯಿತ್ತು. ಕೂತ ತಕ್ಷಣ ಗಮನಕ್ಕೆ ಬರುವುದು ಎಷ್ಟು ತಗ್ಗಿನಲ್ಲಿ ಕೂತಿದ್ದೇವೆ ಎಂಬುದು. ಡ್ಯಾಶ್‌ಬೋರ್ಡ್ ಕೆಳಗಿದ್ದು ಗಾಜು ಅಗಲವಾಗಿರುವುದರಿಂದ ಮುಂದಿನ ರಸ್ತೆ ಇಡಿಯಾಗಿ ಕಾಣುತ್ತದೆ. ಗೇರು ಬೀಳುವುದು ಚಿಕ್ಕದಾಗಿ, ಖಚಿತವಾಗಿ. ಏರಿನ ತಿರುವು ಮುಗಿಸಿ ಎರಡನೇ ಗೇರಿನಲ್ಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಎಂಜಿನ್ನಿನ ಸುತ್ತು ತೋರಿಸುವ ಸೂಜಿ ನಿಮಿಷಕ್ಕೆ ಐದು ಸಾವಿರ ದಾಟುವವರೆಗೆ ಸಾಧಾರಣ ಕಾರಿನಂತಿದ್ದ ಎಂಜಿನ್, ಅಲ್ಲಿಂದ ಮುಂದೆ ಸ್ವರ ಬದಲಿಸಿ ಗಂಟಲು ಬಿಚ್ಚಿ ಹಾಡಿದಂತೆ ಎಳೆಯಿತು. ನಂದಿಯ ತುದಿ 1,478 ಮೀಟರ್. ಮೇಲೇರಿದಷ್ಟೂ ಗಾಳಿ ತೆಳುವಾಗುವುದರಿಂದ 106 ಅಶ್ವಶಕ್ತಿ ಅಲ್ಲಿ ಪೂರ್ತಿ ಸಿಗುವುದಿಲ್ಲವಾದರೂ, ಕೊರತೆ ಎನ್ನಿಸಿದ ಕ್ಷಣ ಒಂದೂ ಇರಲಿಲ್ಲ.

ಆ ಸ್ವರ ಬದಲಾಗುವುದರ, ಅಂದರೆ ವಿಟೆಕ್ಕಿನ, ಒಳಗುಟ್ಟು ಸರಳವಾಗಿದೆ. ಗಾಳಿಯನ್ನು ಒಳಗೆ ಬಿಡುವ ಎರಡು ವಾಲ್ವುಗಳಿಗೆ ಅವನ್ನು ತೆರೆಯಲೆಂದು ತಿರುಗುವ ಕ್ಯಾಮ್ ದಂಡದ ಮೇಲೆ ಮೂರು ಉಬ್ಬುಗಳಿರುತ್ತವೆ: ಅಕ್ಕಪಕ್ಕದ ಎರಡು ಸಣ್ಣವು, ನಡುವಿನದು ದೊಡ್ಡದು. ನಿಧಾನವಾಗಿ ಓಡುವಾಗ ಸಣ್ಣ ಉಬ್ಬುಗಳೇ ವಾಲ್ವನ್ನು ತೆರೆಯುತ್ತವೆ. ವೇಗ ಹೆಚ್ಚಿದಾಗ ಎಂಜಿನ್ ಆಯಿಲಿನ ಒತ್ತಡ ಒಂದು ಪುಟ್ಟ ಪಿನ್ನನ್ನು ತಳ್ಳಿ ಉಬ್ಬುಗಳಿಗೂ ವಾಲ್ವುಗಳಿಗೂ ನಡುವಿನ ಮೂರೂ ತೋಳುಗಳನ್ನು ಒಂದಾಗಿ ಬಿಗಿಯುತ್ತದೆ, ಆಗ ನಡುವಿನ ದೊಡ್ಡ ಉಬ್ಬು ವಾಲ್ವುಗಳನ್ನು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ತೆರೆಯುತ್ತದೆ. ಇಡೀ ಏರ್ಪಾಡು ಆಯಿಲಿನ ಒತ್ತಡವನ್ನೇ ನಂಬಿರುವುದರಿಂದ, ಆಯಿಲ್ ಬದಲಿಸುವುದರಲ್ಲಿ ಜಿಪುಣತನ ಮಾಡಿದ ಮಾಲೀಕರಿಂದ ಈ ಕಾರನ್ನು ಕೊಳ್ಳಬಾರದು.

ದೋಷಗಳನ್ನೂ ಹೇಳಬೇಕು. ತಳ ತಗ್ಗಾಗಿರುವುದರಿಂದ ನಮ್ಮ ಬಡಾವಣೆಗಳ ಹಂಪುಗಳಿಗೆ ಹೊಟ್ಟೆ ಉಜ್ಜುತ್ತದೆ. ಹಿಂದೆ ಮೂವರು ಕೂತರೆ ಪ್ರತಿ ಹಂಪನ್ನೂ ಓರೆಯಾಗಿ ದಾಟಬೇಕು. ಕ್ಯಾಮ್ ದಂಡವನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಹೋಗುತ್ತದೆ, ಆದ್ದರಿಂದ ಹಿಂದಿನವರು ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ಕೂಡಲೇ ಬದಲಿಸಬೇಕು. ಇನ್ನೊಂದು ಚಿಂತೆ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ಈ ಕಾಲದ ಕಾರುಗಳ ರಬ್ಬರ್ ಪೈಪುಗಳು ಊಹಿಸಿದವಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ನೀರು ಸೇರುವ ಅಪಾಯವೂ ಇದೆ. ಇಂಧನದ ಪೈಪುಗಳನ್ನೆಲ್ಲ ಬದಲಿಸಿ, ವಾರಕ್ಕೊಮ್ಮೆಯಾದರೂ ಓಡಿಸುವುದೇ ಇದಕ್ಕೆ ಮದ್ದು. ಕಾರಿಗೆ 3,25,000, ಈ ಎಲ್ಲ ಕೆಲಸಕ್ಕೆ 1,50,000. ಗೆಳೆಯರು ರಿಪೇರಿಯ ಮೊತ್ತ ಹೆಚ್ಚಾಯಿತು ಎಂದರು, ನನಗೆ ಹಾಗನ್ನಿಸಲಿಲ್ಲ.

ಮೂರನೆಯದಾದ, ಜೀಪಿನಂಥ ಮಾರುತಿ ಜಿಪ್ಸಿ ಕಿಂಗ್‌ಅನ್ನು ನಗರದೊಳಗೆ ಓಡಿಸಿದವರು ಮೆಚ್ಚಲಾರರು. ನಾಲ್ಕು ಮೂಲೆಗೂ ಪಟ್ಟಾ ಸ್ಪ್ರಿಂಗ್, ಪವರ್ ಸ್ಟೀರಿಂಗ್ ಇಲ್ಲ, ನನಗೆ ಸಿಕ್ಕಿದ ಮೈಲೇಜು ಲೀಟರಿಗೆ 9 ಕಿಲೋಮೀಟರ್, ಹಿಂದೆ ಎದುರುಬದುರಾಗಿ ಕೂತವರಿಗೆ ಕನಕಪುರ ರಸ್ತೆ ಮುಗಿಯುವುದರೊಳಗೆ ಬೆನ್ನು ನೋವು. ಆದರೆ ಸಕಲೇಶಪುರದ ಹತ್ತಿರದ ಒಂದು ಕಾಫಿತೋಟದಲ್ಲಿ, ಮಳೆ ನಿಂತ ಎರಡು ಗಂಟೆಯ ಮೇಲೆ ನೋಡಿದ್ದೇ ಬೇರೆ. ಇಳಿಜಾರಿನ ಕೆಂಪುಮಣ್ಣಿನಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ತಿರುಗತೊಡಗಿದಾಗ ನಾನು ಇಳಿದು, ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವಂತೆ, ಅವುಗಳಲ್ಲಿ ಒಂದೊಂದರ ನಟ್ಟನಡುವೆ ಇರುವ ತಿರುಗುಗುಂಡಿಯನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿದೆ. ಬೆರಳಿಗೆ ತಣ್ಣನೆಯ ಲೋಹ ತಾಕಿ ಕಟ್ ಎಂದು ಸದ್ದಾಗುತ್ತದೆ, ಅಷ್ಟೇ. ಮೇಲೆ ಬಂದು ಸಣ್ಣ ಕೋಲನ್ನು, ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜಿಗೆ ಹಾಕಿ ಕ್ಲಚ್ ಬಿಟ್ಟೆ; ಒಂದು ಟನ್ನಿನಷ್ಟೂ ತೂಕವಿಲ್ಲದ ಗಾಡಿ ಆಕ್ಸಿಲರೇಟರ್ ಒತ್ತದೆಯೇ ಏರನ್ನು ಹತ್ತಿತು. 1985ರಲ್ಲಿ 970 ಸಿಸಿಯ ಎಂಜಿನ್ನಿನೊಂದಿಗೆ ಬಂದ ಜಿಪ್ಸಿ ಆಮೇಲೆ 1.3 ಲೀಟರಿಗೆ ಏರಿತು, ಪೆಟ್ರೋಲನ್ನು ಸಿಂಪಡಿಸಿ ಕೊಡುವ, 80 ಅಶ್ವಶಕ್ತಿಯ ಎಂಪಿಎಫ್‌ಐ ಆಯಿತು, ಸೈನ್ಯದ ನಂಬಿಕೆಯನ್ನು ದಶಕಗಳ ಕಾಲ ಉಳಿಸಿಕೊಂಡಿತು. 2012ರ ಮಾದರಿಗೆ 4,50,000, ರಿಪೇರಿಗೆ 75,000. ಬೆಲೆ ಹೆಚ್ಚೆಂಬುದು ನಿಜ. ಆದರೆ ಆ ಏರನ್ನು ಹತ್ತುವ ಬೇರೊಂದು ಗಾಡಿ ಈ ಮೊತ್ತಕ್ಕೆ ನನಗೆ ಕಾಣಲಿಲ್ಲ.

ಇಲ್ಲಿಗೆ 11,25,000 ಆಯಿತು. ಉಳಿದ 3,75,000ಕ್ಕೆ ನನ್ನ ಮನಸ್ಸಿನಲ್ಲಿದ್ದದ್ದು ಕಾಂಟೆಸ್ಸಾ.

ನನ್ನ ಸೋದರಮಾವನ ಬಳಿ ಜಪಾನಿನ ಇಸುಜು ಎಂಜಿನ್ನಿನ ಕಾಂಟೆಸ್ಸಾ ಕ್ಲಾಸಿಕ್ ಇತ್ತು, ಈಗಲೂ ಇದೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಈ ಕಾರಿಗೆ ಮೊದಲು ಅಂಬಾಸಿಡರಿನ ಸೊರಗಿದ ಎಂಜಿನ್ ಇತ್ತು, 1.8 ಲೀಟರಿನ ಇಸುಜು ಎಂಜಿನ್ ಬಂದ ಮೇಲೆಯೇ ಅದರ ನಡೆಗೆ ಮೈಗೆ ತಕ್ಕ ಗಾಂಭೀರ್ಯ ಬಂದದ್ದು. ನಾವು ಮಕ್ಕಳು ಹಿಂದಿನ ಸೀಟಿನಲ್ಲಿ ನಾಲ್ವರು ಕೂತು ಮೈಸೂರಿಗೆ ಹೋಗುತ್ತಿದ್ದೆವು. ಈ ಸಲ ನಾನೇ ಓಡಿಸಿದಾಗ ಉದ್ದನೆಯ ಬಾನೆಟ್ ಕಣ್ಣೆದುರು ಹರಡಿಕೊಂಡಿತ್ತು. ಹಿಂಬದಿಯ ಚಕ್ರಗಳು ನೂಕುವ ಆ ಮೆತ್ತನೆಯ, ಅವಸರವಿಲ್ಲದ ಓಟವನ್ನು ಈ ಪಟ್ಟಿಯ ಬೇರಾವ ಕಾರೂ ಕೊಡಲಾರದು. ಎಂಜಿನ್ ಇಂದಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು.

ತೊಂದರೆ ಎಂಜಿನ್ನಿನದಲ್ಲ, ಮೈಯದು. 2002ರ ಸುಮಾರಿಗೆ ತಯಾರಿಕೆ ನಿಂತ ಮೇಲೆ ಬಾಗಿಲಿನ ತಗಡು, ಮುಂಗಾಜು, ಹಿಂದೀಪದ ಗಾಜು, ರಬ್ಬರ್ ಬೀಡಿಂಗ್ ಇವೆಲ್ಲ ಅದೃಷ್ಟದ ವಸ್ತುಗಳಾಗಿವೆ. ಎಡಗಡೆಯ ಒಂದು ಹಿಂದೀಪಕ್ಕಾಗಿ ಶಿವಾಜಿನಗರದ ಗುಜರಿಗೆ ಮಾವನ ಜೊತೆ ನಾನು ನಾಲ್ಕು ಶನಿವಾರ ಅಲೆದಿದ್ದೇನೆ. ಐದನೆಯ ಶನಿವಾರ ಸಿಕ್ಕಿದ್ದು ಬಲಗಡೆಯದು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದು. ತಳದ ತುಕ್ಕು ತೆಗೆಸಲೆಂದು ನಗರದ ಒಂದು ವರ್ಕ್‌ಶಾಪಿಗೆ ಮುಂಗಡ ಕೊಟ್ಟು ಬಿಟ್ಟಿದ್ದ ಕಾರು ಹದಿನಾಲ್ಕು ತಿಂಗಳು ಅಲ್ಲೇ ಬಯಲಿನಲ್ಲಿ ಮಳೆಗೆ ನೆನೆಯಿತು. ವಾಪಸು ತಂದಾಗ ಬಿಚ್ಚಿಟ್ಟಿದ್ದ ಕ್ರೋಮ್ ಪಟ್ಟಿಗಳಲ್ಲಿ ಎರಡು ಇರಲೇ ಇಲ್ಲ. ಹಾಗಾಗಿ ಒಂದು ಕಾಂಟೆಸ್ಸಾವನ್ನು 4 ಲಕ್ಷಕ್ಕೆ ಕೊಂಡರೂ ಮರ್ಯಾದೆಯಿಂದ ನಿಲ್ಲಿಸಲು ಇನ್ನೂ 3 ಲಕ್ಷ ಬೇಕು, ಅದರ ಮೇಲೆ ಕೊನೆಯಿಲ್ಲದ ಕಾಯುವಿಕೆ. ಹಣವೊಂದೇ ಆಗಿದ್ದರೆ ಜಿಪ್ಸಿಯನ್ನು ಬಿಟ್ಟಾದರೂ ಇದನ್ನು ಸೇರಿಸುತ್ತಿದ್ದೆ. ಸಿಗದ ಬಿಡಿಭಾಗಕ್ಕೆ ಎಷ್ಟು ಹಣ ಎತ್ತಿಟ್ಟರೂ ಸಾಲದು ಎಂಬ ಒಂದೇ ಕಾರಣಕ್ಕೆ, ಬಹಳ ಇಷ್ಟವಿದ್ದೂ ಕಾಂಟೆಸ್ಸಾವನ್ನು ಪಟ್ಟಿಯಿಂದ ತೆಗೆದಿದ್ದೇನೆ.

ಅದರ ಜಾಗಕ್ಕೆ ಬಂದದ್ದು ಟೊಯೊಟಾ ಕ್ವಾಲಿಸ್. ನಮ್ಮ ಬಿಡದಿಯಲ್ಲೇ ತಯಾರಾಗಿ, 2000ದಿಂದ 2005ರವರೆಗೆ ಮಾರಾಟವಾದ ಈ ಗಾಡಿಯನ್ನು ಕಾಲ್ ಸೆಂಟರಿನ ರಾತ್ರಿಪಾಳಿಯವರನ್ನು ಹೊತ್ತು ತಿರುಗಿದ ಬಿಳಿ ಕ್ಯಾಬ್ ಎಂದೇ ಬೆಂಗಳೂರಿನವರು ನೆನೆಯುತ್ತಾರೆ. ನೋಟಕ್ಕೆ ಡಬ್ಬಿ, ಓಟಕ್ಕೆ ನಿಧಾನ. ಆದರೆ 2.4 ಲೀಟರಿನ ಡೀಸೆಲ್ ಎಂಜಿನ್ ಎಷ್ಟು ಲಕ್ಷ ಕಿಲೋಮೀಟರ್ ದುಡಿದರೂ ದೂರು ಹೇಳುವುದಿಲ್ಲ. ಮನೆಮಂದಿಯನ್ನೆಲ್ಲ ಧರ್ಮಸ್ಥಳಕ್ಕೆ ಕರೆದೊಯ್ಯಲು ಉಳಿದ ಮೂರು ಕಾರುಗಳಿಂದ ಆಗುವುದಿಲ್ಲ, ಇದರಿಂದ ಆಗುತ್ತದೆ. ಹಳದಿ ಬೋರ್ಡಿನಲ್ಲಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದದ್ದನ್ನು ಕೊಳ್ಳಬೇಡಿ. ಆರ್‌ಸಿಯನ್ನು ಓದಿದರೆ ತಿಳಿಯುತ್ತದೆ. ಕಾರಿಗೆ 2,75,000, ರಿಪೇರಿಗೆ 50,000.

ಒಟ್ಟು 14,50,000. ಉಳಿದ 50,000ದಲ್ಲಿ ಕಾಗದಪತ್ರದ ಖರ್ಚು ಮುಗಿಯಬೇಕು. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ ಮಾರುತಿ 800ಕ್ಕೆ 2,094 ರೂಪಾಯಿ, ಸಿಟಿ ಮತ್ತು ಜಿಪ್ಸಿಗೆ ತಲಾ 3,416, ಎಂಜಿನ್ ದೊಡ್ಡದಾದ ಕ್ವಾಲಿಸ್‌ಗೆ 7,897. ಶೇಕಡಾ 18 ಜಿಎಸ್‌ಟಿ ಸೇರಿ 19,851. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ ಶುಲ್ಕ ಇರುವುದರಿಂದ ಜಿಪ್ಸಿಯ ಹೊರತು ಉಳಿದ ಮೂರಕ್ಕೆ 30,000. ಐದು ವರ್ಷಕ್ಕೊಮ್ಮೆ ಬರುವ ಖರ್ಚಾದರೂ ಮೊದಲೇ ಎತ್ತಿಟ್ಟಿದ್ದೇನೆ. ಉಳಿದದ್ದು 149 ರೂಪಾಯಿ.

ಈ ನಾಲ್ಕರಲ್ಲಿ ಮೊದಲು ಹೊರಗೆ ತೆಗೆಯುವುದು ಸಿಟಿಯನ್ನೇ. ಆದರೆ ಟೈಮಿಂಗ್ ಬೆಲ್ಟ್ ಬದಲಾಗುವವರೆಗೆ ಸೂಜಿಯನ್ನು ಐದು ಸಾವಿರದ ಮೇಲೆ ಹೋಗಲು ಬಿಡುವುದಿಲ್ಲ.