ಥಾರ್‌ಗೆ 16 ಇಂಚೋ, 18 ಇಂಚೋ? ದುರ್ಗದ ಬಂಡೆ, ಎರೆ, ಜಾಲಿ ಮುಳ್ಳಿನ ಮೇಲೆ ಓಡಿಸಿ ನೋಡಿದ್ದು

ಮಹೀಂದ್ರಾ ಥಾರ್ ಜೀಪು ತಗೊಂಡವರೆಲ್ಲ ಕೇಳುವ ಪ್ರಶ್ನೆ ಟೈರಿನದ್ದು. ದೊಡ್ಡದು ಹಾಕಿಸೋದಾ, ಇದ್ದದ್ದೇ ಇಟ್ಕೊಳ್ಳೋದಾ? ಅಂಗಡಿಗೆ ಹೋದರೆ ದೊಡ್ಡದನ್ನೇ ಮುಂದಿಡುತ್ತಾರೆ. ನೋಡೋಕೂ ಗತ್ತಾಗಿರುತ್ತೆ. ಆದರೆ ಭರಮಸಾಗರದ ಎರೆ ಹೊಲಕ್ಕೂ ಚಿತ್ರದುರ್ಗದ ಬಂಡೆಗೂ ಯಾವುದು ಒಗ್ಗುತ್ತೆ ಅನ್ನೋದು ಹಾಕಿ ಓಡಿಸಿದರೇ ಗೊತ್ತಾಗೋದು. ಅದಕ್ಕೆ ಒಂದೇ ಗಾಡಿಗೆ ಮೂರು ಅಳತೆಯ ಟೈರ್ ಹಾಕಿ ನೋಡಿದೆ.

255/65 ಆರ್ 18 ನನ್ನ ಥಾರ್‌ನ ಎಲ್‌ಎಕ್ಸ್ ಮಾದರಿಯ ಜೊತೆಗೇ ಬಂದದ್ದು. 245/75 ಆರ್ 16 ನಮ್ಮ ಸೋದರಮಾವನ ಮಗನ ಎಎಕ್ಸ್ ಮಾದರಿಯದು. 265/75 ಆರ್ 16 ಗೆಳೆಯನೊಬ್ಬ ಹಾಕಿಸಿಕೊಂಡಿದ್ದ. ಮೂರೂ ಎ.ಟಿ. (ಆಲ್ ಟೆರೇನ್, ಅಂದರೆ ರಸ್ತೆಗೂ ಕಾಡುದಾರಿಗೂ ಆಗುವ) ನಮೂನೆಯವು, ಮೂರರ ಹಲ್ಲೂ ಸವೆದಿರಲಿಲ್ಲ. ಹಾಗಾಗಿ ಅಳತೆಯಿಂದ ಏನು ಬದಲಾಗುತ್ತೆ ಅನ್ನೋದು ಬಿಡಿಯಾಗಿ ಗೊತ್ತಾಯಿತು. ಇಲ್ಲಿ ಹೇಳುತ್ತಿರುವುದು 2020ರಲ್ಲಿ ಬಂದ ಮೂರು ಬಾಗಿಲಿನ ಥಾರ್ ಬಗ್ಗೆ. ಐದು ಬಾಗಿಲಿನ ಥಾರ್ ರಾಕ್ಸ್‌ನ ಲೆಕ್ಕ ಬೇರೆ.

ಮೊದಲು ಲೆಕ್ಕ ನೋಡೋಣ. 245/75 ಆರ್ 16 ಅಂದರೆ ಟೈರಿನ ಅಗಲ 245 ಮಿ.ಮೀ., ಸೈಡ್ ವಾಲ್ (ರಿಮ್ಮಿನಿಂದ ನೆಲದವರೆಗಿನ ಟೈರಿನ ಪಕ್ಕೆ) ಎತ್ತರ ಆ ಅಗಲದ ಶೇ. 75, ರಿಮ್ 16 ಇಂಚು. ಸೈಡ್ ವಾಲ್ ಸುಮಾರು 184 ಮಿ.ಮೀ. ಬರುತ್ತೆ, ಇಡೀ ಚಕ್ರದ ಎತ್ತರ 774. ಹಾಗೇ 18 ಇಂಚಿನದ್ದಕ್ಕೆ ಸೈಡ್ ವಾಲ್ 166, ಒಟ್ಟು 789. 265ಕ್ಕೆ ಸೈಡ್ ವಾಲ್ 199, ಒಟ್ಟು 804. ಚಕ್ರ ಎಷ್ಟು ಎತ್ತರ ಆಗುತ್ತೋ ಅದರ ಅರ್ಧ ಮಾತ್ರ ಗಾಡಿ ನೆಲದಿಂದ ಮೇಲೇಳುತ್ತೆ. ಅಂದರೆ 18 ಬಿಟ್ಟು 245ಕ್ಕೆ ಬಂದರೆ ಕೆಳಗೆ ಏಳೆಂಟು ಮಿ.ಮೀ. ಕಳ್ಕೊಳ್ತೀರಿ, ಆದರೆ ರಿಮ್ಮಿಗೂ ಕಲ್ಲಿಗೂ ನಡುವೆ 18 ಮಿ.ಮೀ. ರಬ್ಬರ್ ಜಾಸ್ತಿ ಸಿಗುತ್ತೆ. ನಮ್ಮ ಕಡೆಗೆ ಇದು ಲಾಭದ ವ್ಯಾಪಾರ ಅಂತ ನನಗೆ ಬಂಡೆ ಹತ್ತಿಸಿದಾಗ ಖಾತ್ರಿಯಾಯಿತು.

ದುರ್ಗದ ಸುತ್ತ ಬಂಡೆಗೆ ಬರವಿಲ್ಲ ಅಲ್ವಾ. ಹೊಳಲ್ಕೆರೆ ರಸ್ತೆ ಕಡೆ ನೆಂಟರ ಜಮೀನಿನಲ್ಲಿ ಒಂದು ಇಳಿಜಾರಿದೆ. ಅರ್ಧ ಹಾಸುಬಂಡೆ, ಅರ್ಧ ಒಡೆದ ಕಲ್ಲು. (ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿ ದಾರಿ ಬಿಟ್ಟು ಚಕ್ರ ಇಳಿಸೋ ಮಾತೇ ಬೇಡ.) ಮೂರಕ್ಕೂ ಗಾಳಿ 20 ಪಾಯಿಂಟ್‌ಗೆ (ಪಿ.ಎಸ್.ಐ.) ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು) ಹಾಕಿ, ಅದೇ ಜಾಗದಲ್ಲೇ ಹತ್ತಿಸಿದೆ. 18 ಇಂಚಿನ ಚಕ್ರ ಚೂಪು ಅಂಚಿನ ಕಲ್ಲಿನ ಮೇಲೆ ಕೂತಾಗ ಇಳಿದು ಬಗ್ಗಿ ನೋಡಿದೆ. ಟೈರ್ ಒಳಗೆ ಅಮುಕಿ, ಅಲಾಯ್ ಅಂಚಿಗೂ ಕಲ್ಲಿಗೂ ನಡುವೆ ಎರಡು ಬೆರಳು ಇಡುವಷ್ಟೂ ಜಾಗ ಇರಲಿಲ್ಲ. ಇನ್ನೊಂದು ಸ್ವಲ್ಪ ಜೋರಾಗಿ ಬಿದ್ದಿದ್ದರೆ ಅಲಾಯ್ ಬಿರುಕು ಬಿಡುತ್ತಿತ್ತು. ಅದೇ ಕಲ್ಲಿನ ಮೇಲೆ 245 ಮೆತ್ತಗೆ ಕೂತಿತು. ರಬ್ಬರ್ ಕಲ್ಲಿನ ಮೂಲೆಯನ್ನು ತಬ್ಬಿಕೊಂಡಿತ್ತು, ರಿಮ್ ದೂರವೇ ಇತ್ತು. ಚಕ್ರ ಸುಮ್ನೆ ತಿರುಗಿ ಕಲ್ಲು ಚಿಮ್ಮಿಸೋದೂ ಕಡಿಮೆಯಾಯಿತು. ಇನ್ನೊಂದು ಮಾತು. ಎಎಕ್ಸ್‌ನದು ಕಬ್ಬಿಣದ ರಿಮ್. ಪೆಟ್ಟು ಬಿದ್ದರೆ ಸೊಟ್ಟಗಾಗುತ್ತೆ, ಬಡಿದು ಸರಿ ಮಾಡಿಕೊಂಡು ಮನೆ ಸೇರಬಹುದು. ಒಡೆದ ಅಲಾಯ್‌ಗೆ ಹೊಲದಲ್ಲಿ ಮದ್ದಿಲ್ಲ.

265 ಬಂಡೆಯಲ್ಲಿ ಇನ್ನೂ ಚೆನ್ನಾಗಿ ಹತ್ತಿತು, ಅದನ್ನು ಒಪ್ಪಲೇಬೇಕು. ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರ ಗುಂಡಿಗೆ ಇಳಿದಾಗ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜಿ ಕರಕರ ಸದ್ದು ಬಂತು.

ಎರೆ ಹೊಲದಲ್ಲಿ ಆಟ ತಿರುಗಿಬಿತ್ತು. ಮಳೆ ನಿಂತ ಮರುದಿನ ಮೆಕ್ಕೆಜೋಳದ ಬದುವಿನ ಪಕ್ಕದ ಬಂಡಿ ದಾರಿಯಲ್ಲಿ ಹೋದೆ. ಎರೆ ಮಣ್ಣು ಮುದ್ದೆಯ ಹಾಗೆ ಟೈರಿಗೆ ಮೆತ್ತಿಕೊಳ್ಳುತ್ತೆ. ಅಗಲದ 265ಕ್ಕೆ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಒಳಗೆ ಜಾಗವೇ ಕಡಿಮೆ. ಸ್ವಲ್ಪ ದೂರ ಹೋಗೋದರೊಳಗೆ ಮಣ್ಣು ಗಿಡಿದು, ಚಕ್ರ ತಿರುಗೋಕೇ ಬಿಗಿಯಾಯಿತು. ಇಳಿದು ಸಲಿಕೆ ಹಿಡಿದು ಕೆರೆಯಬೇಕಾಯಿತು. 245ಕ್ಕೆ ಸುತ್ತ ಜಾಗ ಇರುವುದರಿಂದ ಮಣ್ಣು ತಾನೇ ಉದುರುತ್ತಿತ್ತು. 18 ಇಂಚಿನದು ಇವೆರಡರ ನಡುವೆ. ಆದರೆ ನಾಲ್ಕು ದಿನ ಜಡಿ ಹಿಡಿದ ಮೇಲೆ ಎರೆಗೆ ಯಾವ ಎ.ಟಿ. ಟೈರೂ ಸಾಲದು. ಆಗ ಗಾಡಿ ಇಳಿಸಲೇಬೇಡಿ. ನೀವೂ ಹೂತುಹೋಗ್ತೀರಿ, ದಾರಿಯಲ್ಲಿ ಮೊಣಕಾಲುದ್ದ ಕೊರಕಲು ಬಿದ್ದು ಹಿಂದೆ ಬರೋ ಎತ್ತಿನ ಬಂಡಿಗೂ ಕಷ್ಟ.

ಇನ್ನು ಮುಳ್ಳು. ಚಳ್ಳಕೆರೆ, ಜಗಳೂರು ಕಡೆ ಓಡಾಡುವವರಿಗೆ ಬಳ್ಳಾರಿ ಜಾಲಿಯ ಪರಿಚಯ ಮಾಡಿಕೊಡಬೇಕಿಲ್ಲ. ಕಡಿದು ಬೇಲಿಗೆ ಹಾಕಿದ ಕೊಂಬೆ ಒಣಗಿದ ಮೇಲಂತೂ ಮುಳ್ಳು ಮೊಳೆಯಷ್ಟೇ ಗಟ್ಟಿ. ಟೈರಿನ ನಡುವೆ ಚುಚ್ಚಿದರೆ ತೊಂದರೆಯಿಲ್ಲ. ಮುಳ್ಳು ಕಿತ್ತು, ಸೋಪಿನ ನೀರು ಹಾಕಿ ಗುಳ್ಳೆ ಎಲ್ಲಿ ಬರುತ್ತೆ ನೋಡಿ, ಅಲ್ಲಿಗೆ ಪ್ಲಗ್ ತುರುಕಿದರೆ ಆಯ್ತು. ಸೈಡ್ ವಾಲ್‌ಗೆ ಚುಚ್ಚಿದರೆ ಬೇರೆ ಕಥೆ. ನಮ್ಮ ಪಂಚರ್ ಅಂಗಡಿಯ ಹುಡುಗ ನೋಡಿದ ತಕ್ಷಣ ಹೇಳುತ್ತಾನೆ: "ಅಣ್ಣಾ, ಸೈಡಿಗೆ ಹೋಗಿದ್ರೆ ಪ್ಲಗ್ ನಿಲ್ಲಲ್ಲ, ಸ್ಟೆಪ್ನಿ ಇಳಿಸಿ." ಅವನು ಹೇಳೋದು ಸರಿ. ಆ ಭಾಗ ಓಡುವಾಗ ಮಡಚುತ್ತಲೇ ಇರುತ್ತೆ.

ಇಲ್ಲಿ 16 ಇಂಚಿನ ಎರಡಕ್ಕೂ ಒಂದು ಕೊರತೆ ಇದೆ. ಗಾಳಿ ಇಳಿಸಿದಾಗ ಎತ್ತರದ ಸೈಡ್ ವಾಲ್ ಹೊರಗೆ ಉಬ್ಬಿ, ಮುಳ್ಳಿಗೆ ಎದೆ ಕೊಟ್ಟಂತಾಗುತ್ತೆ. ಅದಕ್ಕೆ ಬಂಡೆಯ ಜಾಗಕ್ಕೆ ಮಾತ್ರ ಗಾಳಿ ಇಳಿಸಿ, ಜಾಲಿ ಇರುವ ದಾರಿಗೆ ಮುಂಚೆಯೇ ತುಂಬಿಸಿ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಗಾಡಿಯಲ್ಲಿ ಇರಲೇಬೇಕು.

ಹೈವೇಯಲ್ಲಿ 18 ಇಂಚೇ ಮೇಲು. ಆಷಾಢದಲ್ಲಿ ಗುಡ್ಡದ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳು ಭರ್ರೋ ಅಂತ ತಿರುಗುವಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಡ್ಡಗಾಳಿ ಗಾಡಿಯನ್ನು ತಳ್ಳುತ್ತೆ. ಲಾರಿ ದಾಟಿಸುವಾಗ 18 ಗಟ್ಟಿಯಾಗಿ ನಿಂತಿತು. 245 ಒಂಚೂರು ತೂಗಾಡಿತು, ಭಯ ಆಗುವಷ್ಟಲ್ಲ. 265ರಲ್ಲಿ ಪಿಕಪ್ ಮಂದ, ಬ್ರೇಕನ್ನೂ ಜಾಸ್ತಿ ಒತ್ತಬೇಕು. ಸ್ಪೀಡೋಮೀಟರಿನ ವ್ಯತ್ಯಾಸ 18ಕ್ಕೆ ಹೋಲಿಸಿದರೆ ಎರಡರಲ್ಲೂ ಶೇ. 2ರ ಆಸುಪಾಸು. 245ರಲ್ಲಿ ಮೀಟರ್ ಜಾಸ್ತಿ ತೋರಿಸುತ್ತೆ, 265ರಲ್ಲಿ ಕಡಿಮೆ.

ಕಾನೂನಿನ ಮಾತೂ ಇದೆ. 245 ಕಂಪನಿಯೇ ಥಾರ್‌ಗೆ ಕೊಟ್ಟ ಅಳತೆ. 265 ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತೆ. ಅಪಘಾತ ಆದರೆ ವಿಮೆಯವರು ತಕರಾರು ತೆಗೆಯಬಹುದು.

ನಾನು ನನ್ನ ಗಾಡಿಗೆ 245/75 ಹಾಕಿಸಿಕೊಂಡೆ. 18 ಇಂಚಿನ ಚಕ್ರಗಳನ್ನು ಮಾರಿಲ್ಲ, ಬೆಂಗಳೂರಿಗೆ ಮೇಲಿಂದ ಮೇಲೆ ಹೋಗುವ ಕಾಲ ಬಂದರೆ ಅವೇ ಬೇಕು. ತಿಂಗಳಿಗೊಮ್ಮೆ ಮಾತ್ರ ಹೊಲಕ್ಕೆ ಹೋಗುವವರು ಕಂಪನಿ ಕೊಟ್ಟ 18ರಲ್ಲೇ ಇರಿ, ದುಡ್ಡು ಉಳಿಯುತ್ತೆ. ಬದಲಾಯಿಸುವುದಾದರೆ ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆ ಇರಲಿ. ಫೋರ್ ವೀಲ್ ಹಾಕಿದಾಗ ಒಂದು ಚಕ್ರದ ಎತ್ತರ ಬೇರೆ ಇದ್ದರೂ ಗೇರಿನ ಮೇಲೆ ಒತ್ತಡ ಬೀಳುತ್ತೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯನ್ನೂ ಓದಿ. 3224 ಅಂತಿದ್ದರೆ ಅದು 2024ರ 32ನೇ ವಾರ ತಯಾರಾದದ್ದು. ಎರಡು ವರ್ಷ ಹಳೆಯದಿದ್ದರೆ ಬೇರೆ ಕೊಡಿ ಅಂತ ಕೇಳಿ.