ಟಿಪ್‌ಮನ್ 98 ಕಸ್ಟಮ್: ಬೆಂಗಳೂರಿನಲ್ಲಿ ಮೊದಲ ಪೇಂಟ್‌ಬಾಲ್ ಗನ್ ಆಗಿ ಹೇಗಿದೆ?

ಕೆಲವು ವರ್ಷಗಳಿಂದ ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಟಿಪ್‌ಮನ್ 98 ಕಸ್ಟಮ್ ಇದೆ, ಬಣ್ಣ ತುಂಬಿದ ಬಾಲ್‌ಗಳನ್ನು ಗ್ಯಾಸ್ ಒತ್ತಡದಿಂದ ಹೊಡೆಯುವ ಪೇಂಟ್‌ಬಾಲ್ ಆಟದ ಗನ್. ದೇವನಹಳ್ಳಿ ಕಡೆಯ ಒಂದು ಫೀಲ್ಡ್‌ನವರು ಬಾಡಿಗೆ ಗನ್‌ಗಳನ್ನು ಬದಲಾಯಿಸುವಾಗ ಹಳೆಯದನ್ನು ಕೊಟ್ಟರು, ಇಂಪೋರ್ಟ್ ಬಿಲ್‌ನ ಪ್ರತಿ ಸಮೇತ. ಆ ಕಾಗದ ಇಲ್ಲದ ಗನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಮೊದಲ ಗನ್ ಆಗಿ ಇದನ್ನು ತಗೋಬಹುದಾ ಅಂತ ಕೇಳಿದರೆ, ಧಾರಾಳವಾಗಿ ತಗೊಳ್ಳಿ ಅನ್ನುತ್ತೇನೆ. ಇದಕ್ಕಿಂತ ಚೆನ್ನಾಗಿ ಹೊಡೆಯುವ ಗನ್‌ಗಳು ಬೇಕಾದಷ್ಟಿವೆ. ಆದರೆ ಇದು ನಮ್ಮೂರಲ್ಲಿ ಸಿಗುವ ಗ್ಯಾಸ್‌ನಲ್ಲಿ ಓಡುತ್ತದೆ, ಕೆಟ್ಟರೆ ಮನೆಯಲ್ಲೇ ಬಿಚ್ಚಿ ಸರಿ ಮಾಡಿಕೊಳ್ಳಬಹುದು.

ಹೊಸಬರು ಮೊದಲು ಮಾಡೆಲ್ ಹುಡುಕುತ್ತಾರೆ. ಬೇಡ. ನೀವು ಆಡುವ ಫೀಲ್ಡ್‌ಗೆ ಹೋಗಿ ಎರಡೇ ವಿಷಯ ಕೇಳಿ. ಯಾವ ಗ್ಯಾಸ್ ತುಂಬುತ್ತೀರಿ? ಬಾಲ್ .68 ಸೈಜೋ, .50 ಸೈಜೋ? .68 ಅಂದರೆ ಸುಮಾರು 17 ಮಿ.ಮೀ. ದಪ್ಪದ ಬಾಲ್, ಟಿಪ್‌ಮನ್ 98 ಅದಕ್ಕೇ ಮಾಡಿದ್ದು. .50 ಚಿಕ್ಕದು, ಪೆಟ್ಟು ಕಮ್ಮಿ, ಮಕ್ಕಳಿಗೆ ಅದನ್ನೇ ಕೊಡುವುದು ಜಾಸ್ತಿ. ಫೀಲ್ಡ್‌ನಲ್ಲಿ .50 ಮಾತ್ರ ಇದ್ದರೆ ನಿಮ್ಮ .68 ಗನ್ ಸುಮ್ನೆ ಶೋಕೇಸ್‌ಗೆ.

ಗ್ಯಾಸ್ ವಿಷಯ ಇನ್ನೂ ಮುಖ್ಯ. ವಿಡಿಯೋಗಳಲ್ಲಿ ಹೊಸಬರಿಗೆ ಅಂತ ಜೋರಾಗಿ ಹೊಗಳುವುದು ಪ್ಲಾನೆಟ್ ಎಕ್ಲಿಪ್ಸ್‌ನವರ ಈಮೆಕ್ ಗನ್ನನ್ನು. ನಿಜಕ್ಕೂ ಒಳ್ಳೆಯ ಗನ್ನೇ, ಮೆತ್ತಗೆ ಹೊಡೆಯುತ್ತದೆ. ಆದರೆ ಅದಕ್ಕೆ ಒತ್ತಡದ ಗಾಳಿಯೇ ಬೇಕು, ಅಂದರೆ 3000 ಇಲ್ಲವೇ 4500 ಪಿಎಸ್‌ಐ (ಒತ್ತಡದ ಅಳತೆ) ಸಿಲಿಂಡರ್. ಅಮೆರಿಕದವರು ಸ್ಕೂಬಾ (ಸಮುದ್ರದಲ್ಲಿ ಮುಳುಗುವವರ) ಅಂಗಡಿಯಲ್ಲಿ ತುಂಬಿಸಿಕೊಳ್ಳಿ ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ನಮ್ಮೂರಿಗೆ ಸಮುದ್ರವೇ ಇಲ್ಲವಲ್ಲ ಸ್ವಾಮಿ! ಟಿಪ್‌ಮನ್ 98 ಗಾಳಿಯಲ್ಲೂ ಓಡುತ್ತದೆ, ಸಿಒ2 (ಇಂಗಾಲದ ಡೈಆಕ್ಸೈಡ್) ಗ್ಯಾಸ್‌ನಲ್ಲೂ ಓಡುತ್ತದೆ. ನನ್ನ ಫೀಲ್ಡ್‌ನಲ್ಲಿ ಇರುವುದು ಸಿಒ2. ಸಿಲಿಂಡರ್ ಮಾತ್ರ ಕಂಡಕಂಡಲ್ಲಿ ಕೊಳ್ಳಬೇಡಿ. ನಮ್ಮಲ್ಲಿ ಗ್ಯಾಸ್ ಸಿಲಿಂಡರ್‌ಗಳು 2016ರ ನಿಯಮಗಳ ಪ್ರಕಾರ ಪೆಸೋ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ) ಇಲಾಖೆಯ ಕೈಕೆಳಗೆ ಬರುತ್ತವೆ. ಹೊರದೇಶದ ಮುದ್ರೆ ಮಾತ್ರ ಇರುವ ಸಿಲಿಂಡರ್ ತಗೊಂಡು ಹೋದರೆ ತುಂಬಿಸುವವರು ಆಗಲ್ಲ ಅಂತ ವಾಪಸ್ ಕಳಿಸಬಹುದು. ನಾನು ಫೀಲ್ಡ್‌ನವರ ಸಿಲಿಂಡರ್ ಅನ್ನೇ ಬಾಡಿಗೆಗೆ ತಗೊಳ್ಳುವುದು ಜಾಸ್ತಿ.

ಸಿಒ2ಗೆ ಬೆಂಗಳೂರಿನ ಹವೆ ಹೇಳಿ ಮಾಡಿಸಿದಂತಿದೆ. 21 ಡಿಗ್ರಿಯಲ್ಲಿ ಅದರ ಒತ್ತಡ 850 ಪಿಎಸ್‌ಐ ಆಸುಪಾಸು. ಬಿಸಿಲೇರಿದರೆ ಒತ್ತಡವೂ ಏರುತ್ತದೆ, ಚಳಿಗೆ ಇಳಿಯುತ್ತದೆ. ಡಿಸೆಂಬರ್ ಬೆಳಗ್ಗೆ ಆಡಲು ಹೋದರೆ ಮೊದಲ ಆಟದಲ್ಲಿ ಬಾಲ್ ಅರ್ಧ ದಾರಿಗೇ ಕೆಳಗೆ ಬೀಳುತ್ತದೆ. ಆಗ ಗನ್‌ನ ಎಡಬದಿಯ ಸ್ಕ್ರೂವನ್ನು ಅಲೆನ್ ಕೀಯಿಂದ ಸ್ವಲ್ಪ ಸಡಿಲ ಮಾಡಿದರೆ ವೇಗ ಹೆಚ್ಚುತ್ತದೆ. ಬಿಸಿಲು ಬಂದ ಮೇಲೆ ಮತ್ತೆ ಬಿಗಿ ಮಾಡಲೇಬೇಕು. ಪ್ರತಿ ಸಲವೂ ಕ್ರೋನೋಗ್ರಾಫ್ (ಬಾಲ್‌ನ ವೇಗ ಅಳೆಯುವ ಯಂತ್ರ) ಮುಂದೆ ಹೊಡೆದು ನೋಡಿ. ಸೆಕೆಂಡಿಗೆ 300 ಅಡಿ ದಾಟಬಾರದು, 280ಕ್ಕೇ ನಿಲ್ಲಿಸುವ ಫೀಲ್ಡ್‌ಗಳೂ ಇವೆ. ಇನ್ನೊಂದು: ಗನ್ನಿನ ಮೂತಿ ಕೆಳಗೆ ಮಾಡಿ ಟಪಟಪ ಹೊಡೆದರೆ ಗ್ಯಾಸಿನ ಬದಲು ಸಿಲಿಂಡರ್‌ನಲ್ಲಿರುವ ದ್ರವರೂಪದ ಸಿಒ2ವೇ ಗನ್ ಒಳಗೆ ನುಗ್ಗುತ್ತದೆ. ಮೂತಿಯಿಂದ ಬಿಳಿ ಹೊಗೆ ಬಂದರೆ ಕೈ ತಡೆಯಿರಿ, ಗ್ಯಾಸ್ ಸೋರದಂತೆ ತಡೆಯುವ ಒಳಗಿನ ರಿಂಗ್‌ಗಳು (ಓ-ರಿಂಗ್) ಮರಗಟ್ಟುತ್ತಿವೆ ಅಂತ ಅರ್ಥ.

ರಿಪೇರಿ ಅಂದರೆ ಮುಕ್ಕಾಲು ಪಾಲು ಓ-ರಿಂಗ್ ರಿಪೇರಿಯೇ. ಸಿಲಿಂಡರ್ ತಿರುಗಿಸಿ ಕೂರಿಸಿದ ತಕ್ಷಣ ಸುಸ್ ಅಂತ ಸದ್ದು ಬಂತು ಅಂದರೆ ಗನ್ ಕೆಟ್ಟಿಲ್ಲ, ಸಿಲಿಂಡರ್ ಬಾಯಿಯ ರಿಂಗ್ ಹೋಗಿದೆ. ಅದರ ಸೈಜ್ 015. ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ಹಳೇ ರಿಂಗ್ ತೋರಿಸಿದೆ. ಅವರು ಡಬ್ಬಿಯಿಂದ ಒಂದು ಹಿಡಿ ಕಪ್ಪು ರಿಂಗ್ ತೆಗೆದು, ಒಂದೊಂದನ್ನೇ ಹಳೆಯದರ ಮೇಲಿಟ್ಟು ನೋಡಿ ಕೊಟ್ಟರು. ಆಪತ್ತಿಗೆ ಅಡ್ಡಿಯಿಲ್ಲ. ಆದರೆ ಕಪ್ಪು ರಬ್ಬರ್ ಸಿಒ2 ಕುಡಿದು ಗುಳ್ಳೆಯೆದ್ದು ಹರಿಯುತ್ತದೆ. ಯುರಿಥೇನ್ ರಿಂಗ್ ಕೇಳಿ ತಗೊಳ್ಳಿ, ಬಹಳ ಬಾಳಿಕೆ ಬರುತ್ತದೆ. ಗನ್ನಿನ ಮೈ ಎರಡು ಹೋಳು, ಸ್ಕ್ರೂ ಬಿಚ್ಚಿದರೆ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಹಿಂದಿನ ಸ್ಪ್ರಿಂಗ್ ಹಾರಿ ಮಂಚದಡಿ ಸೇರದಂತೆ ಹೆಬ್ಬೆರಳು ಒತ್ತಿ ಹಿಡಿದಿರಿ. ಒಳಗೆ ಪೇಂಟ್‌ಬಾಲ್ ಗನ್ನಿಗೆಂದೇ ಬರುವ ಎಣ್ಣೆ ನಾಲ್ಕು ಹನಿ ಸಾಕು. ಡಬ್ಲ್ಯೂಡಿ-40 ಹೊಡೆಯಬೇಡಿ, ರಿಂಗ್ ಹಾಳು.

ಹೊಡೆತದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಸಿಲಿಂಡರ್ ಬಿಟ್ಟೇ ಒಂದೂಕಾಲು ಕಿಲೋ ಮೇಲಿದೆ, ಸದ್ದು ಜಾಸ್ತಿ, ಪ್ರತಿ ಸಲ ಒಳಗಿನ ಬೋಲ್ಟ್ (ಬಾಲನ್ನು ಬ್ಯಾರೆಲ್‌ಗೆ ತಳ್ಳುವ ಭಾಗ) ಹಿಂದಕ್ಕೆ ಬಡಿಯುವುದು ಕೈಗೆ ಗೊತ್ತಾಗುತ್ತದೆ. ಗ್ಯಾಸೂ ಚೆನ್ನಾಗಿ ಕುಡಿಯುತ್ತದೆ. ಗುರಿ ತಪ್ಪಿದರೆ ಹೊಸಬರು ಉದ್ದದ ಬ್ಯಾರೆಲ್‌ಗೆ ದುಡ್ಡು ಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಬ್ಯಾರೆಲ್‌ಗಿಂತ ಬಾಲ್ ಮುಖ್ಯ. ಬಾಲ್‌ನ ಹೊರಕವಚ ಜೆಲಟಿನ್, ನೀರು ತಾಗಿದರೆ ಮೆತ್ತಗಾಗುತ್ತದೆ. ಜುಲೈ, ಆಗಸ್ಟ್‌ನ ಥಂಡಿಯಲ್ಲಿ ಪ್ಯಾಕೆಟ್ ತೆರೆದಿಟ್ಟರೆ ಬಾಲ್ ಉಬ್ಬಿ, ಡೊಂಕಾಗಿ, ಬ್ಯಾರೆಲ್ ಒಳಗೇ ಒಡೆಯುತ್ತದೆ. ಗಾಳಿಯಾಡದ ಡಬ್ಬದಲ್ಲಿಡಿ, ಫ್ರಿಜ್‌ನಲ್ಲಿ ಬೇಡ. (ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು ಅಂತ ಗೊತ್ತಾದ ದಿನ ನಮ್ಮ ಗುಂಪಿನ ಒಬ್ಬ ಆಚಾರವಂತ ಗೆಳೆಯ ಬಾಯಿ ಮುಚ್ಚಿಕೊಂಡೇ ಆಡಿದ.)

ದುಡ್ಡು ಕಮ್ಮಿ ಇದ್ದರೆ ಗನ್ನಿಗಿಂತ ಮುಂಚೆ ಮಾಸ್ಕ್ ಕೊಳ್ಳಿ. ಪೇಂಟ್‌ಬಾಲ್‌ಗೆಂದೇ ಇರುವ ಎಎಸ್‌ಟಿಎಂ ಎಫ್1776 ಅನ್ನುವ ಸುರಕ್ಷತಾ ಮಾನದಂಡದ ಗುರುತು ಇರಬೇಕು, ಮಂಜು ಕಟ್ಟದಂತೆ ಲೆನ್ಸ್ ಎರಡು ಪದರದ್ದಾಗಿರಬೇಕು. ಬೈಕ್ ಗಾಗಲ್ಸ್ ನಡೆಯುವುದಿಲ್ಲ. ಬಾಡಿಗೆ ಮಾಸ್ಕ್‌ನಲ್ಲಿ ಮಂಜು ಕಟ್ಟಿ, ಒರೆಸಲು ಆಟದ ಮಧ್ಯೆ ಮಾಸ್ಕ್ ಎತ್ತುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ವರ್ಷಕ್ಕೊಮ್ಮೆ ಆಫೀಸ್ ಔಟಿಂಗ್‌ಗೆ ಮಾತ್ರ ಆಡುವವರಿಗೆ ಮಾಸ್ಕ್ ಒಂದೇ ಸಾಕು. ಸ್ವಂತ ಗನ್ ಇದ್ದರೂ ಬಾಲ್ ಮಾತ್ರ ತಮ್ಮಲ್ಲೇ ಕೊಳ್ಳಬೇಕು ಅನ್ನುವ ಫೀಲ್ಡ್‌ಗಳಿವೆ, ಆ ಖರ್ಚು ತಪ್ಪುವುದಿಲ್ಲ.

ಮನೆಗೆ ತಂದ ದಿನ ಓನರ್ ಆಂಟಿ ಮೆಟ್ಟಿಲಲ್ಲೇ ನಿಲ್ಲಿಸಿ, "ಏನಪ್ಪಾ ಇದು, ನಿಜವಾದ್ದಾ?" ಅಂದರು. ನೋಡಿದವರಿಗೆ ಹಾಗೇ ಕಾಣುತ್ತದೆ, ಅದಕ್ಕೇ ನಾನು ಮೆಟ್ರೋ, ಬಸ್ಸಿನಲ್ಲಿ ಒಯ್ಯುವುದಿಲ್ಲ. ಆಟ ಮುಗಿದ ಮೇಲೆ ಹಾಪರ್ (ಬಾಲ್ ತುಂಬುವ ಮೇಲಿನ ಡಬ್ಬಿ) ತೆಗೆದು, ಸಿಲಿಂಡರ್ ಬಿಚ್ಚಿ, ಉಳಿದ ಗ್ಯಾಸನ್ನು ಅಲ್ಲೇ ಹೊಡೆದು ಖಾಲಿ ಮಾಡಿ, ಬ್ಯಾರೆಲ್‌ಗೆ ಚೀಲ ತೊಡಿಸಿ ಕಾರಿನ ಡಿಕ್ಕಿಯಲ್ಲಿಡುತ್ತೇನೆ. ತುಂಬಿದ ಸಿಲಿಂಡರ್ ಮಾತ್ರ ಏಪ್ರಿಲ್ ಬಿಸಿಲಲ್ಲಿ ಡಿಕ್ಕಿಯೊಳಗೆ ಬಿಡಬೇಡಿ. ಒತ್ತಡ ಮಿತಿ ಮೀರಿದರೆ ಅದರ ಸುರಕ್ಷತಾ ಬಿಲ್ಲೆ ಒಡೆದು ಗ್ಯಾಸ್ ಪೂರ್ತಿ ಹೊರಗೆ ಬರುತ್ತದೆ.