ಇಸೆ-ಶಿಮಾ: ಎರಡು ರಾತ್ರಿ ಕೊಟ್ಟರೆ ಸಾಕು, ಆದರೆ ಊಟದ ವ್ಯವಸ್ಥೆ ಮೊದಲೇ ಆಗಿರಲಿ

ಬೆಳಗಾವಿ, ವಿಜಯಪುರದ ಏಜೆಂಟರ ಹತ್ತಿರ ಜಪಾನ್ ಪ್ಯಾಕೇಜ್ ಕೇಳಿದರೆ ಸಿಗುವುದು ಟೋಕಿಯೊ, ಫ್ಯೂಜಿ, ಕ್ಯೋಟೊ, ಒಸಾಕಾ. ಆ ಪಟ್ಟಿಯಿಂದ ಎರಡು ರಾತ್ರಿ ಕಿತ್ತು ಮಿಯೆ ಪ್ರಾಂತ್ಯದ ಇಸೆ-ಶಿಮಾ ಕರಾವಳಿಗೆ ಕೊಟ್ಟರೆ ಇಡೀ ಪ್ರವಾಸಕ್ಕೆ ತೂಕ ಬರುತ್ತದೆ. ದೇಗುಲ, ಸಮುದ್ರ, ಮುತ್ತಿನ ಕೃಷಿ, ಉಸಿರು ಕಟ್ಟಿ ಮುಳುಗುವ ಹೆಂಗಸರ ಕಸುಬು, ಎಲ್ಲವೂ ಒಂದೇ ರೈಲು ಹಾದಿಯ ಮೇಲಿವೆ.

ಇಸೆಯ ಮಹಾದೇಗುಲ ಎಂದರೆ ಒಂದು ಗುಡಿಯಲ್ಲ, 125 ಗುಡಿಗಳ ಸಮೂಹ. ಮುಖ್ಯವಾದವು ಎರಡು: ಅನ್ನ-ಬೆಳೆಗಳ ದೇವತೆ ತೊಯೊಉಕೆಯ ಗೆಕು, ಸೂರ್ಯದೇವತೆ ಅಮತೆರಸುವಿನ ನೈಕು. ಐಹೊಳೆ, ಪಟ್ಟದಕಲ್ಲು ನೋಡಿ ಬೆಳೆದ ಕಣ್ಣಿಗೆ ಮೊದಲ ನೋಟಕ್ಕೆ ಇದು ಸಪ್ಪೆ ಅನ್ನಿಸುತ್ತದೆ. ಶಿಲ್ಪವಿಲ್ಲ, ಬಣ್ಣವಿಲ್ಲ, ಗರ್ಭಗುಡಿಯ ದರ್ಶನವೂ ಇಲ್ಲ. ಸುತ್ತು ಸುತ್ತಾಗಿ ಹಾಕಿದ ನಾಲ್ಕು ಬೇಲಿಗಳಾಚೆ ಹುಲ್ಲಿನ ಮಾಡಿನ ತುದಿ, ಅದರ ಮೇಲೆ ಅಡ್ಡ ಸಾಲಾಗಿ ಕೂತ ಮರದ ದಿಮ್ಮಿಗಳು ಮಾತ್ರ ಕಾಣುತ್ತವೆ. ಗೊತ್ತಿಲ್ಲದೆ ಹೋದವರು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದು ‘ಏನೂ ಇಲ್ಲ’ ಅನ್ನುವುದು ಇದಕ್ಕೇ.

ಇಲ್ಲಿ ನೋಡಬೇಕಾದದ್ದು ಪಕ್ಕದ ಖಾಲಿ ಜಾಗ. ಪ್ರತಿ 20 ವರ್ಷಕ್ಕೊಮ್ಮೆ ಅಷ್ಟೇ ಅಳತೆಯ ಹೊಸ ಗುಡಿಯನ್ನು ಹಿನೊಕಿ ಎಂಬ ಸೈಪ್ರೆಸ್ ಜಾತಿಯ ಮರದಲ್ಲಿ ಆ ಜಾಗದಲ್ಲಿ ಕಟ್ಟಿ, ದೇವರನ್ನು ರಾತ್ರಿ ಹೊತ್ತು ಅಲ್ಲಿಗೆ ಕರೆತಂದು, ಹಳೆಯದನ್ನು ಬಿಚ್ಚುತ್ತಾರೆ. ಇದು ಮೊದಲು ನಡೆದದ್ದು 690ರಲ್ಲಿ, ಬಾದಾಮಿಯಲ್ಲಿ ಚಾಲುಕ್ಯ ವಿನಯಾದಿತ್ಯ ಆಳುತ್ತಿದ್ದ ಕಾಲಕ್ಕೆ. ನಮ್ಮವರು ಕಲ್ಲು ಕೆತ್ತಿ ಗುಡಿ ಉಳಿಸಿದರು, ಅವರು ಕಟ್ಟುವ ಕೈಕಸುಬನ್ನೇ ಉಳಿಸಿಕೊಂಡರು. 62ನೆಯದು 2013ರಲ್ಲಿ ಮುಗಿದಿದೆ, ಮುಂದಿನದು 2033ಕ್ಕೆ. ಬಿಚ್ಚಿದ ಮರವೂ ವ್ಯರ್ಥವಾಗುವುದಿಲ್ಲ. ನೈಕುವಿನ ಮುಂದಿನ ಉಜಿ ಸೇತುವೆಯ ಎರಡೂ ತುದಿಯ ತೊರಿಇ ದ್ವಾರಗಳು ಹಳೆಯ ಗುಡಿಗಳ ಮುಖ್ಯ ಕಂಬಗಳಿಂದಲೇ ಆದವು.

ಹಾಗಾಗಿ ಗೆಕು ಆವರಣದ ಸೆಂಗುಕಾನ್ ಸಂಗ್ರಹಾಲಯವನ್ನು ಬಿಡಲೇಬೇಡಿ. ಟಿಕೀಟು 300 ಯೆನ್. ಗುಡಿಯ ಒಂದು ಭಾಗವನ್ನು ನಿಜ ಅಳತೆಯಲ್ಲೇ ಒಳಗೆ ನಿಲ್ಲಿಸಿದ್ದಾರೆ. ಹೊರಗೆ ಬೇಲಿ ಮರೆಮಾಡಿದ್ದು ಇಲ್ಲಿ ಹತ್ತಿರದಿಂದ ಸಿಗುತ್ತದೆ: ನೆಲದಲ್ಲಿ ನೇರ ಹೂತ ದುಂಡು ಕಂಬ, ದಪ್ಪ ಹುಲ್ಲಿನ ಮಾಡು. ತಿಂಗಳ ನಾಲ್ಕನೇ ಮಂಗಳವಾರ ರಜೆ.

ಕ್ರಮ ತಪ್ಪಿಸಬೇಡಿ. ಮೊದಲು ಗೆಕು, ಆಮೇಲೆ ನೈಕು, ಇದು ಹಳೆಯ ವಾಡಿಕೆ. ಇಸೆಶಿ ನಿಲ್ದಾಣದಿಂದ ಗೆಕುಗೆ ನಡೆದೇ ಹೋಗಬಹುದು, ಅಲ್ಲಿಂದ ನೈಕುಗೆ ಬಸ್ಸಿನಲ್ಲಿ ಸುಮಾರು 20 ನಿಮಿಷ. ಗೆಕುದಲ್ಲಿ ದಾರಿಯ ಎಡಕ್ಕೆ, ನೈಕುದಲ್ಲಿ ಬಲಕ್ಕೆ ನಡೆಯಬೇಕು. ನೈಕುದಲ್ಲಿ ಕೈ ತೊಳೆಯಲು ತೊಟ್ಟಿಗಿಂತ ಇಸುಜು ಹೊಳೆಯ ಕಲ್ಲಿನ ಮೆಟ್ಟಿಲಿಗೆ ಇಳಿಯಿರಿ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೊನೆಗೆ ಒಮ್ಮೆ ಬಾಗುವುದು ನಮಸ್ಕಾರದ ರೀತಿ. ಮುಖ್ಯ ಗುಡಿಯ ಮುಂದೆ ಕೃತಜ್ಞತೆ ಮಾತ್ರ ಹೇಳಬೇಕು. ಸ್ವಂತದ ಬೇಡಿಕೆ ಇದ್ದರೆ ನೈಕುದಲ್ಲಿ ಅರಮತ್ಸುರಿ-ನೊ-ಮಿಯಾ, ಗೆಕುದಲ್ಲಿ ತಾಕ-ನೊ-ಮಿಯಾ ಗುಡಿಗಳಿವೆ. ನೈಕು ಮುಖ್ಯ ಗುಡಿಯ ಕಲ್ಲುಮೆಟ್ಟಿಲ ಬುಡದಿಂದಾಚೆ ಫೋಟೊ ನಿಷಿದ್ಧ, ಕಾವಲುಗಾರರು ಅಲ್ಲೇ ನಿಂತಿರುತ್ತಾರೆ. ಪ್ರವೇಶಕ್ಕೆ ಶುಲ್ಕವಿಲ್ಲ. ಬೆಳಿಗ್ಗೆ 5ಕ್ಕೇ ತೆರೆಯುತ್ತದೆ. ಆರರೊಳಗೆ ಉಜಿ ಸೇತುವೆ ದಾಟಿದರೆ ಜಲ್ಲಿ ಹಾದಿಯ ಸಪ್ಪಳ ಬಿಟ್ಟು ಬೇರೆ ಗದ್ದಲವಿಲ್ಲ. ಹತ್ತರ ಮೇಲೆ ಬಸ್ಸುಗಟ್ಟಲೆ ಮಂದಿ. ಹೊಸ ವರ್ಷದ ವಾರ ಹೋಗಲೇಬೇಡಿ, ಪಾಳಿಯಲ್ಲೇ ಅರ್ಧ ದಿನ ಹೋಗುತ್ತದೆ.

ನೈಕು ಮುಂದಿನ ಒಹರಾಇ-ಮಾಚಿ ಬೀದಿಯಲ್ಲಿ ಅಕಫುಕು ಅಂಗಡಿ 1707ರಿಂದ ಇದೆ, ಮುಖ್ಯ ಅಂಗಡಿ ಬೆಳಿಗ್ಗೆ 5ಕ್ಕೆ ಬಾಗಿಲು ತೆರೆಯುತ್ತದೆ. ಮೆತ್ತಗಿನ ಅಕ್ಕಿ ಮುದ್ದೆಯ ಮೇಲೆ ಹೋಳಿಗೆ ಹೂರಣದಂಥ ನುಣುಪಾದ ಕೆಂಪು ಕಾಳಿನ ಲೇಪ, ಅದರ ಮೇಲೆ ಇಸುಜು ಹೊಳೆಯ ಅಲೆಗಳಂತೆ ಬೆರಳಿನಿಂದ ಎಳೆದ ಗೆರೆಗಳು. ಪೂರ್ತಿ ಸಸ್ಯಾಹಾರ. ಊರಿಗೆ ಒಯ್ಯುವ ಆಸೆ ಬೇಡ, ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು ದಿನ ಮಾತ್ರ ತಾಳುತ್ತದೆ. ಸಂಜೆ ಐದಕ್ಕೆಲ್ಲ ಬೀದಿಯ ಬಹುತೇಕ ಅಂಗಡಿ ಮುಚ್ಚುತ್ತವೆ.

ಇನ್ನು ನಮ್ಮ ಕಡೆಯವರು ಸೋಲುವ ಜಾಗ, ಊಟ. ಮಾಂಸ ಬೇಡ, ಮೀನು ಬೇಡ ಅಂದರೂ ಸಾರಿನಲ್ಲಿ ಮೀನು ಇರುತ್ತದೆ, ಏಕೆಂದರೆ ಜಪಾನಿ ಅಡುಗೆಯ ತಳಪಾಯವಾದ ದಾಶಿ ಎಂಬ ಸಾರನ್ನು ಹೆಚ್ಚಾಗಿ ಒಣಗಿಸಿದ ಕಾತ್ಸುಒ ಮೀನಿನಿಂದಲೇ ತೆಗೆಯುತ್ತಾರೆ. ಬರೀ ನೂಡಲ್ಸ್, ಕಪ್ಪು ಸಾಸ್, ಈರುಳ್ಳಿ ಸೊಪ್ಪಿನಂತೆ ಕಾಣುವ ಇಸೆ ಉದೊನ್‌ದಲ್ಲೂ ಅದೇ, ಮಿಸೊ ಸೂಪಿನಲ್ಲೂ ಅದೇ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಅಡುಗೆಯವರು ಮೇಲಿನ ಮೀನಿನ ತುಂಡು ತೆಗೆದು ಕೊಡುತ್ತಾರೆ, ತಪ್ಪು ಅವರದಲ್ಲ. ‘ಮಾಂಸ, ಮೀನು, ಮೊಟ್ಟೆ, ಕಾತ್ಸುಒ ದಾಶಿ ಬೇಡ, ಕೊಂಬು ದಾಶಿ ಆಗುತ್ತದೆ’ ಎಂದು ಜಪಾನಿಯಲ್ಲಿ ಬರೆದ ಚೀಟಿ ಜೇಬಿನಲ್ಲಿರಲಿ. ಕೊಂಬು ಎಂದರೆ ಸಮುದ್ರದ ಪಾಚಿ, ಅದರ ಸಾರು ನಡೆಯುತ್ತದೆ. ರ‍್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೆ ಇದನ್ನು ಬುಕ್ ಮಾಡುವಾಗಲೇ ಬರೆದು, ಒಂದು ವಾರ ಮೊದಲು ಮತ್ತೆ ಖಾತ್ರಿ ಮಾಡಿಕೊಳ್ಳಿ. ಕಡಲೂಟವೇ ಹೆಮ್ಮೆಯಾದ ಊರಿದು, ಬಂದಿಳಿದ ಮೇಲೆ ಕೇಳಿದರೆ ಅನ್ನ, ಉಪ್ಪಿನಕಾಯಿಯೇ ಗತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವವರು ಕಂಪನಿ ಪ್ಯಾಕಿಂಗಿನದನ್ನೇ ಒಯ್ಯಿರಿ. ಮಾಂಸದ ಯಾವ ಪದಾರ್ಥವನ್ನೂ ಕಸ್ಟಮ್ಸ್ ಬಿಡುವುದಿಲ್ಲ.

ಮಾಂಸಾಹಾರಿಗಳಿಗೆ ಇದು ಸ್ವರ್ಗ. ಇಸೆ ಎಬಿ ಎಂಬ ದೊಡ್ಡ ಸಿಗಡಿಗೆ ಅಕ್ಟೋಬರದಿಂದ ಏಪ್ರಿಲ್ ಹಂಗಾಮು, ಬೇಸಿಗೆಯಲ್ಲಿ ಹಿಡಿಯುವುದು ನಿಷೇಧ.

ತೊಬಾದಲ್ಲಿ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಮಿಕಿಮೊತೊ ಮುತ್ತಿನ ದ್ವೀಪ. ಮಿಕಿಮೊತೊ ಕೊಕಿಚಿ 1893ರಲ್ಲಿ ಅರೆದುಂಡು ಮುತ್ತನ್ನು ಬೆಳೆಸಿ ತೋರಿಸಿದ ಜಾಗವಿದು. ಪೂರ್ತಿ ದುಂಡು ಮುತ್ತಿಗೆ, ಸಿಹಿನೀರಿನ ಚಿಪ್ಪಿನಿಂದ ಮಾಡಿದ ದುಂಡು ಬೀಜವನ್ನೂ ಇನ್ನೊಂದು ಚಿಪ್ಪುಜೀವಿಯ ಪೊರೆಯ ಚೂರನ್ನೂ ಸೇರಿಸಿ ಮುತ್ತಿನ ಚಿಪ್ಪುಜೀವಿಯ ಒಳಗಿಡುತ್ತಾರೆ. ಆ ಪೊರೆಯೇ ಬೀಜದ ಸುತ್ತ ಪದರು ಕಟ್ಟುತ್ತದೆ. ಕೊಳ್ಳುವವರು ಗಾತ್ರಕ್ಕಿಂತ ಹೊಳಪು ನೋಡಿ: ಮುತ್ತಿನಲ್ಲಿ ನಿಮ್ಮ ಮುಖದ ಅಂಚು ಚೂಪಾಗಿ ಕಂಡರೆ ಒಳ್ಳೆಯ ಮಾಲು.

ಬಿಳಿ ಉಡುಪಿನ ಅಮಾ ಹೆಂಗಸರು ಮುಳುಗಿ ತೋರಿಸುವುದೂ ಇಲ್ಲೇ. ಅದು ಪ್ರದರ್ಶನ, ನಿಜವಾಗಿ ದುಡಿಯುವ ಅಮಾ ಈಗ ವೆಟ್‌ಸೂಟ್ ತೊಟ್ಟೇ ಇಳಿಯುತ್ತಾರೆ. ಆಮ್ಲಜನಕದ ಸಿಲಿಂಡರ್ ಇಲ್ಲ, ಒಂದು ಮುಳುಗು ಸುಮಾರು 50 ಸೆಕೆಂಡು, ಮೇಲೆ ಬಂದಾಗ ಬಿಡುವ ಉಸಿರು ಸಿಳ್ಳೆಯಾಗಿ ಕೇಳುತ್ತದೆ. ಕೈಯಲ್ಲಿ ಒಂದು ಅಳತೆಪಟ್ಟಿ ಇರುತ್ತದೆ, 10.6 ಸೆಂ.ಮೀ.ಗಿಂತ ಸಣ್ಣ ಅವಾಬಿ ಚಿಪ್ಪು ಸಿಕ್ಕರೆ ಮರಳಿ ಬಿಡಲೇಬೇಕು. ಇದನ್ನೆಲ್ಲ ಆಳವಾಗಿ ನೋಡಬೇಕೆಂದರೆ ತೊಬಾದ ಸಮುದ್ರ ಸಂಗ್ರಹಾಲಯಕ್ಕೆ ಹೋಗಿ. ವಾಸ್ತುಶಿಲ್ಪಿ ನಾಯ್ತೊ ಹಿರೋಶಿ ಕಟ್ಟಿದ, ಮರದ ದೋಣಿಗಳಿಂದ ತುಂಬಿದ ಉಗ್ರಾಣ ಅಲ್ಲಿದೆ. ಸಮಯ ಒಂದಕ್ಕೇ ಇದ್ದರೆ ದ್ವೀಪಕ್ಕಿಂತ ಇದೇ ಮೇಲು.

ಫುತಾಮಿಯ ಗಂಡ-ಹೆಂಡತಿ ಬಂಡೆಗಳು ಪೋಸ್ಟರಿನಲ್ಲಿ ಎದ್ದು ಕಾಣುತ್ತವೆ. ಒಂದು 9 ಮೀಟರ್, ಇನ್ನೊಂದು 4. ನಡುವೆ ದಪ್ಪ ಹುಲ್ಲಿನ ಹಗ್ಗ. ಸೂರ್ಯ ಎರಡರ ನಡುವೆ ಹುಟ್ಟುವುದು ಮೇಯಿಂದ ಜುಲೈವರೆಗೆ, ಅದೂ ಬೆಳಿಗ್ಗೆ ಐದರ ಒಳಗೆ, ಜೂನ್‌ದಲ್ಲಿ ಮಳೆಗಾಲ ಬೇರೆ. ಮಧ್ಯಾಹ್ನ ಹೋದರೆ ಹತ್ತು ನಿಮಿಷದ ಕೆಲಸ. ಹೊತ್ತು ಸಾಲದಿದ್ದರೆ ಬಿಡಬೇಕಾದದ್ದು ಇದನ್ನೇ.

ಎರಡನೇ ರಾತ್ರಿ ಕಾಶಿಕೊಜಿಮಾದಲ್ಲಿರಲಿ. 2016ರ ಜಿ7 ಸಭೆ ನಡೆದ ಊರು, ಕಿಂತೆತ್ಸು ಎಂಬ ಖಾಸಗಿ ಕಂಪನಿಯ ರೈಲಿನ ಕೊನೆಯ ನಿಲ್ದಾಣ. ರ‍್ಯೋಕಾನ್‌ಗೆ ಐದರೊಳಗೆ ತಲುಪಿ, ರಾತ್ರಿ ಊಟದ ವೇಳೆ ಅಲ್ಲಿ ಬದಲಾಗುವುದಿಲ್ಲ. ಮರುದಿನ ಉಗಾತಾ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಯೊಕೊಯಾಮಾ ವೀಕ್ಷಣಾ ಕಟ್ಟೆಗೆ ಹೋಗಿ. ಆಗೊ ಕೊಲ್ಲಿಯ ಸುಮಾರು 60 ದ್ವೀಪಗಳು, ನಡುವೆ ಮುತ್ತಿನ ತೆಪ್ಪಗಳ ಸಾಲು, ಇದಕ್ಕಿಂತ ಒಳ್ಳೆಯ ನೋಟ ಈ ಸುತ್ತಿನಲ್ಲಿಲ್ಲ.

ರೈಲಿನ ಬಗ್ಗೆ ಒಂದು ಎಚ್ಚರ. ಪ್ರವಾಸಿಗರು ಕೊಳ್ಳುವ ಜೆಆರ್ ರೈಲುಗಳ ಪಾಸ್ ಕಿಂತೆತ್ಸುದಲ್ಲಿ ನಡೆಯುವುದಿಲ್ಲ. ಕಿಂತೆತ್ಸು ಎಕ್ಸ್‌ಪ್ರೆಸ್ಸಿಗೆ ಸಾದಾ ಟಿಕೀಟಿನ ಮೇಲೆ ಇನ್ನೊಂದು ಎಕ್ಸ್‌ಪ್ರೆಸ್ ಟಿಕೀಟು ಬೇಕು. ನಗೋಯಾದಿಂದ ಇಸೆಶಿಗೆ ಸುಮಾರು 80 ನಿಮಿಷ, ಎರಡೂ ಸೇರಿ ಸುಮಾರು 3,000 ಯೆನ್. ಒಸಾಕಾದಿಂದ ಇನ್ನು 25 ನಿಮಿಷ ಹೆಚ್ಚು.

ಬೆಂಗಳೂರಿನಿಂದ ನೇರ ವಿಮಾನ ನರಿತಾಕ್ಕೆ ಇಳಿಸುತ್ತದೆ, ಅಲ್ಲಿಂದ ಇಸೆ ದೂರ. ಬ್ಯಾಂಕಾಕ್ ಅಥವಾ ಸಿಂಗಾಪುರ ಬದಲಾಯಿಸಿ ಒಸಾಕಾದ ಕನ್ಸಾಯ್ ಇಲ್ಲವೇ ನಗೋಯಾದ ಚೂಬು ನಿಲ್ದಾಣಕ್ಕೆ ಇಳಿದರೆ ಒಂದು ದಿನ ಉಳಿಯುತ್ತದೆ. ವೀಸಾ ಅರ್ಜಿಯ ದಿನವಾರು ಪಟ್ಟಿಯಲ್ಲಿ ಇಸೆ, ಶಿಮಾದ ಹೋಟೆಲ್‌ಗಳ ವಿಳಾಸವನ್ನೂ ಸೇರಿಸಿ. ಚೂಬುವಿನಿಂದ ವಾಪಸ್ ಹಾರುವವರು ನಗೋಯಾ ಸುತ್ತುವ ಬದಲು ತ್ಸು ಊರಿನಲ್ಲಿ ಇಳಿದು, ಬಂದರಿನಿಂದ ವೇಗದ ದೋಣಿ ಹತ್ತಿದರೆ 45 ನಿಮಿಷದಲ್ಲಿ ವಿಮಾನ ನಿಲ್ದಾಣ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ, ಆದ್ದರಿಂದ ಸೆಪ್ಟೆಂಬರದ ಚಂಡಮಾರುತದ ದಿನಗಳಲ್ಲಿ ಬೆಳಿಗ್ಗೆಯೇ ವಿಚಾರಿಸಿ, ರೈಲಿಗೆ ಹೋಗುವಷ್ಟು ಹೊತ್ತು ಕೈಯಲ್ಲಿಟ್ಟುಕೊಳ್ಳಿ.